ಪೆಟ್ಟಿಗೆ ಮಾಮನ ಕಿವಿ

ಕಳೆದ ತಿಂಗಳು ಒಂದು ಬೆಳಿಗ್ಗೆ ಸೊಸೆಯ ಕೈಯಿಂದ ವಿನೆಗರ್ ಬಾಟಲಿ ಜಾರಿ ಅಡುಗೆಮನೆಯ ನೆಲಕ್ಕೆ ಬಿತ್ತು. ಮೀನಿನ ಉಪ್ಪಿನಕಾಯಿಗೆಂದು ತಂದಿಟ್ಟದ್ದು. ಹುಳಿ ವಾಸನೆ ಮನೆಯಿಡೀ ಹಬ್ಬಿತು. ಅವಳು ಕಿಟಕಿ ತೆರೆದಳು, ಫ್ಯಾನು ಹಾಕಿದಳು, ಗಾಜು ಗುಡಿಸಿ ನೆಲ ಒರೆಸಿದಳು. ನಾನು ಮಾತ್ರ ಕುರ್ಚಿಯಲ್ಲಿ ಕೂತಲ್ಲೇ ಕೂತು ಆ ವಾಸನೆಯನ್ನು ಒಳಗೆಳೆದುಕೊಳ್ಳುತ್ತಿದ್ದೆ. "ಅತ್ತೆ, ನಿಮಗೆ ಎಂತ ಆಯ್ತು? ತಲೆ ತಿರುಗ್ತದಾ?" ಎಂದು ಅವಳು ಗಾಬರಿಯಿಂದ ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ.

ಮಂಗಳೂರಿನ ಒಂದು ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ದುಡಿಮೆಯ ವರ್ಷಗಳನ್ನೆಲ್ಲ ಕಳೆದವಳು ನಾನು. ಈಗ ಚಿತ್ರ ಕಂಪ್ಯೂಟರಿನಲ್ಲಿ ಬರುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ನಮ್ಮ ಕಾಲದಲ್ಲಿ ಕತ್ತಲೆ ಕೋಣೆಯಲ್ಲಿ ಕೆಂಪು ದೀಪದ ಕೆಳಗೆ ನಿಂತು ಫಿಲ್ಮನ್ನು ಒಂದೊಂದೇ ತೊಟ್ಟಿಯಲ್ಲಿ ಮುಳುಗಿಸಿ ತೆಗೆಯಬೇಕಿತ್ತು. ಕೊನೆಯ ತೊಟ್ಟಿಯಲ್ಲಿದ್ದ ದ್ರಾವಣದ ವಾಸನೆ ಥೇಟು ವಿನೆಗರಿನದೇ. ಸೀರೆಗೆ, ಜಡೆಗೆ, ಮಧ್ಯಾಹ್ನ ಉಣ್ಣುವ ಬುತ್ತಿಗೆ ಕೂಡ ಅದೇ ವಾಸನೆ ಹತ್ತಿಕೊಳ್ಳುತ್ತಿತ್ತು. ಆ ವಾಸನೆ ಬಂದರೆ ಸಾಕು, ನೀರಿಳಿಯುತ್ತಿದ್ದ ಒಂದು ಫಿಲ್ಮು ನನ್ನ ಕಣ್ಣ ಮುಂದೆ ತೂಗುತ್ತದೆ. ಅದರ ಹಿಂದೆಯೇ ಪೆಟ್ಟಿಗೆ ಮಾಮ ಬರುತ್ತಾರೆ...

ಅಂದು ವಾಸನೆಗೆ ನಾನು ಅಷ್ಟು ಸೋತುಹೋಗಲು ಇನ್ನೊಂದು ಕಾರಣವಿತ್ತು. ಒಳಕೋಣೆಯಲ್ಲಿ ನನ್ನ ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು. ಕಾಲೇಜಿನ ಹುಡುಗಿ, ಕೆಲವು ತಿಂಗಳಲ್ಲಿ ಅರ್ಧಕ್ಕರ್ಧ ಇಳಿದಿದ್ದಳು. ಉಂಡ ಸ್ವಲ್ಪ ಹೊತ್ತಿಗೆ ಬಲಗಡೆ ನೋವು, ಆಮೇಲೆ ಭೇದಿ, ಸಂಜೆಯಾದರೆ ಮೈ ಬೆಚ್ಚಗೆ. ಕೊಳವೆ ಹಾಕಿ ಕರುಳಿನ ಒಳಗೆಲ್ಲ ನೋಡಿ, ಚೂರು ಮಾಂಸ ಕಿತ್ತು ಪರೀಕ್ಷೆಗೆ ಕೊಟ್ಟಾಗಿತ್ತು. ಫಲಿತಾಂಶಕ್ಕೆ ಕಾಯುತ್ತಿದ್ದೆವು. ಮನೆಯವರು ಯಾರೂ ಅವಳ ಕಾಯಿಲೆಯ ಮಾತು ಎತ್ತುತ್ತಿರಲಿಲ್ಲ, ಎಲ್ಲರೂ ಉಪ್ಪಿನಕಾಯಿಯ ಬಗ್ಗೆಯೇ ಮಾತಾಡುತ್ತಿದ್ದರು.

ಪೆಟ್ಟಿಗೆ ಮಾಮ ನಮ್ಮ ಸಂಬಂಧಿಕರೇನಲ್ಲ. ಮಂಗಳೂರಿನ ಬೋಳಾರದಲ್ಲಿ ನಮ್ಮ ಮನೆಯ ಎದುರು ಸಾಲಿನಲ್ಲಿ ಅವರದೊಂದು ಹಂಚಿನ ಮನೆ. ಅದರ ಚಾವಡಿಯೇ ಹಾರ್ಮೋನಿಯಂ ರಿಪೇರಿಯ ಅಂಗಡಿ. ಬೀದಿಗೆಲ್ಲ ಅವರು ಮಾಮ, ಅವರ ಹೆಂಡತಿ ಮಾಮಿ. ಯಕ್ಷಗಾನ ಮೇಳದವರ ಶ್ರುತಿಪೆಟ್ಟಿಗೆ, ಭಜನಾ ಮಂದಿರದ ಪೆಟ್ಟಿಗೆ, ಶಾಲೆಗಳ ಪೆಟ್ಟಿಗೆ, ಇಗರ್ಜಿಯವರ ಕಾಲಿನಿಂದ ಒತ್ತುವ ದೊಡ್ಡ ಪೆಟ್ಟಿಗೆ, ಎಲ್ಲವೂ ಕೆಮ್ಮು ನೆಗಡಿ ಬಂದ ಮಕ್ಕಳ ಹಾಗೆ ಅಲ್ಲಿಗೆ ಬರುತ್ತಿದ್ದವು. ಮಳೆಗಾಲದಲ್ಲಿ ಮೇಳಗಳು ತಿರುಗಾಟ ನಿಲ್ಲಿಸಿದಾಗ ಚಾವಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ.

ಕೆಲಸ ಮಾಡುವಾಗ ಅವರ ಎದುರು ಹೋಗಿ ನಿಲ್ಲುವಂತಿರಲಿಲ್ಲ. ಪೆಟ್ಟಿಗೆ ಬಿಚ್ಚಿ, ಒಳಗಿನ ಹಿತ್ತಾಳೆಯ ಪಟ್ಟಿಗಳನ್ನು ಒಂದೊಂದಾಗಿ ತೆಗೆದು, ತುಟಿಗೆ ಹಿಡಿದು ಊದಿ ನೋಡುತ್ತಿದ್ದರು. ಸ್ವರ ಏರಬೇಕಾದರೆ ಪಟ್ಟಿಯ ತುದಿಯನ್ನು ತುಸು ಕೆರೆಯುವುದು, ಇಳಿಯಬೇಕಾದರೆ ಬುಡವನ್ನು. ಒಂದೇ ಸ್ವರದ ಎರಡು ಪಟ್ಟಿಗಳು ಸ್ವಲ್ಪವೇ ಬೇರೆಯಾಗಿದ್ದರೆ ನಾದದಲ್ಲಿ ಒಂದು ಅಲೆ ಏಳುತ್ತದಂತೆ. ಆ ಅಲೆ ನಿಲ್ಲುವವರೆಗೆ ಕೆರೆಯುವುದು, ಊದುವುದು, ಮತ್ತೆ ಕೆರೆಯುವುದು. ನನಗೆ ಎರಡೂ ಒಂದೇ ಥರ ಕೇಳುತ್ತಿತ್ತು. ಹಾಗೆಂದರೆ ಅವರಿಗೆ ಸಿಟ್ಟು ಬರುತ್ತಿತ್ತು. "ನಿನ್ನದು ಕಿವಿಯಾ, ಓಲೆ ಹಾಕ್ಲಿಕ್ಕೆ ಇಟ್ಟ ತೂತಾ ಮಾರಾಯ್ತಿ?" ಎನ್ನುತ್ತಿದ್ದರು.

ದಿನವಿಡೀ ಹಾಗೆ ಕೆಲಸ ಮಾಡಿದ ಮೇಲೆ ಪೆಟ್ಟಿಗೆ ಮುಚ್ಚಿದರೂ ಕಿವಿಯೊಳಗೆ ಶ್ರುತಿ ಮುಂದುವರಿಯುತ್ತದೆ ಎಂದು ಅವರು ಹೇಳುತ್ತಿದ್ದರು. ಉಣ್ಣುವಾಗಲೂ ಇರುತ್ತದೆ, ಮಲಗಿದಾಗಲೂ ಇರುತ್ತದೆ, ಬೆಳಿಗ್ಗೆ ಕಾಗೆ ಕೂಗುವಾಗ ಹೋಗುತ್ತದೆ. ಅವರ ತಂದೆಗೂ ಹಾಗೆಯೇ ಇತ್ತಂತೆ. ಶ್ರುತಿ ಮಾಡುವವರಿಗೆಲ್ಲ ಅದು ಇದ್ದದ್ದೇ, ಇಲ್ಲದಿದ್ದರೆ ಅವನು ಕಸುಬುದಾರನೇ ಅಲ್ಲ ಎಂಬುದು ಅವರ ನಂಬಿಕೆ. ಈ ಮಾತನ್ನು ಅವರು ಜಂಬದಿಂದಲೇ ಹೇಳಿಕೊಳ್ಳುತ್ತಿದ್ದರು.

ನಾನು ಆಸ್ಪತ್ರೆಗೆ ಸೇರಿದ್ದು ಐವತ್ತರ ದಶಕದಲ್ಲಿ, ಇಪ್ಪತ್ತು ದಾಟಿದ ಹೊಸತರಲ್ಲಿ. ನಮ್ಮ ಬೀದಿಯ ಹುಡುಗಿಯೊಬ್ಬಳು ಹೊರಗೆ ಹೋಗಿ ಅಂಥ ಕೆಲಸ ಮಾಡುವುದು ಅದೇ ಮೊದಲು. ಮದುವೆಗೆ ಗಂಡು ಸಿಗಲಿಕ್ಕಿಲ್ಲ ಎಂದು ಕೆಲವರು ಅಮ್ಮನ ಹತ್ತಿರ ಕನಿಕರದಿಂದ ಹೇಳಿಯೂ ಹೋದರು. ಮಾಮ ಮಾತ್ರ ನನಗೆ "ಎಲುಬಿನ ಫೋಟೋಗ್ರಾಫರ್" ಎಂದು ಹೆಸರಿಟ್ಟರು. ಬೆಳಿಗ್ಗೆ ನಾನು ಗೇಟು ದಾಟುವಾಗ ಚಾವಡಿಯಿಂದಲೇ ಬೆನ್ನು ನೆಟ್ಟಗೆ ಮಾಡಿ, ಫೋಟೋಕ್ಕೆ ನಿಂತವರ ಹಾಗೆ ಹಲ್ಲು ಕಿರಿಯುತ್ತಿದ್ದರು. ನಮ್ಮೊಳಗೆ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡ ಮಾಡಿ ಬರೆಯುವಾಗ ಅವರ ನಗು ಅರ್ಧ ಸೋರಿಹೋಗುತ್ತಿದೆ.

ಅವರ ಕಾಯಿಲೆ ಯಾವಾಗ ಶುರುವಾಯಿತೆಂದು ಅವರಿಗೇ ಗೊತ್ತಿರಲಿಲ್ಲ. ಮೊದಮೊದಲು ಅದನ್ನೂ ನಗೆಯಾಡಿದರು. ಹೊಟ್ಟೆ ಗುಳುಗುಳು ಅಂದರೆ ಕಿವಿಗೊಟ್ಟು, "ಇವತ್ತು ಕಪ್ಪು ಎರಡರಲ್ಲಿ ಹಾಡ್ತಾ ಉಂಟು" ಎಂದು ಶ್ರುತಿಯ ಮನೆ, ಅಂದರೆ ಪೆಟ್ಟಿಗೆಯ ಯಾವ ಕೀಲಿ ಎಂಬುದನ್ನು, ಹೇಳುತ್ತಿದ್ದರು. ಆಮೇಲೆ ಊಟವಾದ ಕೂಡಲೇ ಚಾವಡಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡು ಕೂರುವುದು ಕಾಣತೊಡಗಿತು. ಆಮೇಲೆ ಊಟವನ್ನೇ ಬಿಟ್ಟು ಗಂಜಿಯ ತಿಳಿ ಕುಡಿಯತೊಡಗಿದರು. ಅಂಗಿಯ ಹೆಗಲು ಕೆಳಗಿಳಿಯಿತು. ಬೆನ್ನು ನೆಟ್ಟಗೆ ಮಾಡಿ ನಿಲ್ಲುವ ತಮಾಷೆ ಯಾವತ್ತು ನಿಂತಿತೋ ನನಗೆ ನೆನಪಿಲ್ಲ...

ಬೀದಿಯ ಡಾಕ್ಟರು ಆಮಶಂಕೆ ಎಂದು ಇಂಜೆಕ್ಷನ್ ಕೊಟ್ಟರು. ನಮ್ಮೂರಿನಲ್ಲಿ ಹೊಟ್ಟೆ ಕೆಟ್ಟರೆ ಹತ್ತರಲ್ಲಿ ಒಂಬತ್ತು ಅದೇ ಆಗಿರುತ್ತಿತ್ತು, ಅವರದೇನೂ ತಪ್ಪಲ್ಲ. ಸ್ವಲ್ಪ ದಿನ ವಾಸಿಯಾಯಿತು, ಇಂಜೆಕ್ಷನ್ನಿಗೆ ಹೆಸರು ಬಂತು. ಪುನಃ ಬಂತು. ಮಾಮಿ ದಾಳಿಂಬೆ ಸಿಪ್ಪೆ ಕುದಿಸಿ ಕೊಟ್ಟರು, ಸ್ವಲ್ಪ ದಿನ ವಾಸಿಯಾಯಿತು. ಆಟಿ ಎಂಬ ತುಳು ತಿಂಗಳ ಅಮಾವಾಸ್ಯೆಗೆ ನಾವೆಲ್ಲ ಬರಿಹೊಟ್ಟೆಯಲ್ಲಿ ಕುಡಿಯುವ ಪಾಲೆ ಮರದ ತೊಗಟೆಯ ಕಹಿ ಕಷಾಯವನ್ನು ಆ ವರ್ಷ ಅವರು ಅಮಾವಾಸ್ಯೆ ಕಳೆದ ಮೇಲೂ ಬಿಡದೆ ಕುಡಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಚೆನ್ನಾಗಿಯೇ ಆದರು, ಮೀನು ಸಾರು ಉಂಡರು. ಪಾಲೆ ಮರಕ್ಕೆ ಹೆಸರು ಬಂತು. ತಾನಾಗಿ ಬಂದು ತಾನಾಗಿ ಹೋಗುವುದೇ ಆ ಕಾಯಿಲೆಯ ಗುಣವೆಂದು ನಮಗೆ ಯಾರಿಗೆ ಗೊತ್ತಿತ್ತು? ಪ್ರತಿ ಔಷಧವೂ ಗೆದ್ದಂತೆ ಕಂಡಿತು.

ಕೊನೆಗೆ ನಾನೇ ಮಾಮಿಗೆ ಹೇಳಿ ನಮ್ಮ ಆಸ್ಪತ್ರೆಗೆ ಬರುವಂತೆ ಮಾಡಿದೆ. ದೊಡ್ಡ ಡಾಕ್ಟರು ಹೊಟ್ಟೆ ಅಮುಕಿ ನೋಡಿದರು. ಬಲಗಡೆ ಕೆಳಗೆ ಲಿಂಬೆಹಣ್ಣಿನಷ್ಟು ಗಂಟು ಕೈಗೆ ಸಿಕ್ಕಿತು. ಮಲ ಪರೀಕ್ಷೆಯಲ್ಲಿ ಆಮಶಂಕೆಯ ಕ್ರಿಮಿ ಸಿಗಲಿಲ್ಲ. ಎದೆಯ ಚಿತ್ರ ತೆಗೆದದ್ದು ನಾನೇ, ಅದೂ ಶುದ್ಧವಾಗಿತ್ತು. ಹಾಗಾದರೆ ಬೇರಿಯಂ ಕುಡಿಸಿ ಕರುಳನ್ನು ನೋಡುವ ಎಂದರು.

ಬೇರಿಯಂ ಎಂದರೆ ಸುಣ್ಣ ಕಲಸಿದ ಹಾಗೆ ಕಾಣುವ ಬಿಳಿ ನೀರು. ಬರಿಹೊಟ್ಟೆಯಲ್ಲಿ ಬಂದು ಅದನ್ನು ಕುಡಿಯಬೇಕು. ಆಮೇಲೆ ಅದು ಕರುಳಿನಲ್ಲಿ ಇಳಿಯುತ್ತಾ ಹೋದ ಹಾಗೆ ಸ್ವಲ್ಪ ಸ್ವಲ್ಪ ಹೊತ್ತಿಗೆ ಚಿತ್ರ ತೆಗೆಯಬೇಕು. ಲೋಟ ಕೈಗೆ ಕೊಟ್ಟಾಗ ಮಾಮ ಅದನ್ನು ಮೂಸಿ ನೋಡಿ, "ಗೋಡೆಗೆ ಬಳಿಯುದನ್ನು ನನಗೆ ಕುಡಿಸ್ತಿಯಲ್ಲ ಮಗಳೇ" ಎಂದರು. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲೆಂದು ದೊಡ್ಡ ಡಾಕ್ಟರು ಕೆಂಪು ಕನ್ನಡಕ ಹಾಕಿಕೊಂಡು ಬಂದದ್ದನ್ನು ಕಂಡು, ಯಕ್ಷಗಾನದ ರಾಕ್ಷಸ ವೇಷ ಬಂತೆಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಮಧ್ಯಾಹ್ನ ದಾಟುವವರೆಗೆ ಬೆಂಚಿನ ಮೇಲೆ ಕೂತಿದ್ದರು. ನಾನು ಚಿತ್ರ ತೆಗೆಯುವುದು, ಕತ್ತಲೆ ಕೋಣೆಗೆ ಓಡುವುದು, ಪುನಃ ಬರುವುದು.

ಆ ಫಿಲ್ಮು... ಕೊನೆಯ ತೊಟ್ಟಿಯಿಂದ ಎತ್ತಿ ದೀಪಕ್ಕೆ ಹಿಡಿದಾಗ ನೀರು ನನ್ನ ಮೊಣಕೈವರೆಗೆ ಇಳಿಯುತ್ತಿತ್ತು. ಸಣ್ಣ ಕರುಳು ಕೊನೆಗೊಂಡು ದೊಡ್ಡ ಕರುಳು ಶುರುವಾಗುವ ಜಾಗಕ್ಕೆ ಸ್ವಲ್ಪ ಮೊದಲು, ಬೆರಳಷ್ಟು ದಪ್ಪ ಇರಬೇಕಾದ ಬಿಳಿ ಗೆರೆ ಹೊಲಿಗೆ ದಾರದಷ್ಟು ಸಪೂರವಾಗಿತ್ತು. ಹಾಗೆಯೇ ಗೇಣುದ್ದಕ್ಕೆ ಹೋಗಿತ್ತು. ಅಂಥದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮಾಮ ಉಂಡದ್ದೆಲ್ಲ ಆ ದಾರದೊಳಗಿಂದ ಹೋಗಬೇಕಿತ್ತಲ್ಲ! ಹೊರಗೆ ಬಂದರೆ ಅವರು ಬೆಂಚಿನಿಂದಲೇ, "ದಾದಾಂಡ್, ಎಂತಾಯ್ತು? ನನ್ನ ಪೆಟ್ಟಿಗೆಯೊಳಗೆ ಎಂತ ಉಂಟು?" ಎಂದು ಕೇಳಿದರು. ಡಾಕ್ಟರು ಹೇಳುತ್ತಾರೆ ಎಂದೆ.

ದೊಡ್ಡ ಡಾಕ್ಟರು ಫಿಲ್ಮುಗಳನ್ನು ಸಾಲಾಗಿ ಬೆಳಕಿಗೆ ಹಾಕಿಕೊಂಡು ಬಹಳ ಹೊತ್ತು ಕೂತರು. ಅವರಿಗೆ ಕಲಿಸುವ ಚಪಲವಿತ್ತು, ಎದುರು ಯಾರೂ ಇಲ್ಲದಿದ್ದರೆ ನನಗಾದರೂ ಹೇಳುತ್ತಿದ್ದರು. ಕರುಳು ಉರಿದು ಹುಣ್ಣಾಗುವುದರಲ್ಲಿ ಹಲವು ಬಗೆ. ಒಂದು ಬಗೆಯದು ದೊಡ್ಡ ಕರುಳನ್ನು ಮಾತ್ರ ಹಿಡಿಯುತ್ತದೆ, ರಕ್ತ ಹೋಗುತ್ತದೆ. ಆರೋಗ್ಯದ ದೊಡ್ಡ ಕರುಳು ಚಿತ್ರದಲ್ಲಿ ಹಾರ್ಮೋನಿಯಂನ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ಕಾಣುತ್ತದಲ್ಲ, ಆ ಬಗೆಯದರಲ್ಲಿ ಮಡಿಕೆಯೆಲ್ಲ ಅಳಿಸಿ ನುಣ್ಣಗೆ ಕೊಳವೆಯಂತಾಗುತ್ತದೆ. ಇದು ಅದಲ್ಲ. ದೊಡ್ಡ ಕರುಳಿನ ಮಡಿಕೆ ಮಾಸಿಲ್ಲ, ಜಾಗ ಬೇರೆ. ಇದು ಕರುಳಿನ ಕ್ಷಯವಿರಬೇಕು.

"ಇರಬೇಕು ಅಂದ್ರೆ ಎಂತ ಸರ್?" ಎಂದು ನಾನು ಕೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿದರು. ಇದೇ ಜಾಗವನ್ನು ಹಿಡಿಯುವ ಇನ್ನೊಂದು ಕಾಯಿಲೆ ಪುಸ್ತಕದಲ್ಲಿ ಇದೆ, ಹೊರದೇಶಗಳಲ್ಲಿ ಕಂಡದ್ದು, ತಾನು ಇದುವರೆಗೆ ನೋಡಿಲ್ಲ ಎಂದರು. ಚಿತ್ರದಲ್ಲಿ ಎರಡೂ ಒಂದೇ ಥರ. ನೋವು ಒಂದೇ ಥರ, ಜ್ವರ ಒಂದೇ ಥರ, ಗಂಟು ಒಂದೇ ಥರ. ಎದೆ ಶುದ್ಧವಿದ್ದರೂ ಕರುಳಿನಲ್ಲಿ ಕ್ಷಯ ಇರಬಹುದು. ಹೊಟ್ಟೆ ಕೊಯ್ದು ತುಂಡು ತೆಗೆದು ನೋಡಿದರೆ ಗೊತ್ತಾದೀತು, ಆದರೆ ಆ ಇನ್ನೊಂದು ಕಾಯಿಲೆಯಾಗಿದ್ದರೆ ಕೊಯ್ದ ಕಡೆ ಕರುಳು ಸರಿಯಾಗಿ ಕೂಡಿಕೊಳ್ಳುವುದಿಲ್ಲವಂತೆ. ಇಷ್ಟು ಸೊರಗಿದ ಮೈಗೆ ಚಾಕು ಹಾಕಲು ಅವರಿಗೆ ಧೈರ್ಯವಿರಲಿಲ್ಲ.

ಮಾಮ ಮತ್ತು ಮಾಮಿಯನ್ನು ಕರೆಸಿ ಅವರು ಎಲ್ಲವನ್ನೂ ಮುಚ್ಚಿಡದೆ ಹೇಳಿದರು. ಆ ಇನ್ನೊಂದು ಕಾಯಿಲೆಗೆ ಕೊಡುವ ಒಂದು ಔಷಧವಿದೆ. ಆದರೆ ಒಳಗಿರುವುದು ಕ್ಷಯವಾದರೆ ಅದೇ ಔಷಧದಿಂದ ಕ್ಷಯ ಮೈಯೆಲ್ಲ ಹಬ್ಬಿ ಜೀವ ಹೋಗುತ್ತದೆ. ಕ್ಷಯಕ್ಕೆ ದಿನಕ್ಕೊಂದು ಇಂಜೆಕ್ಷನ್, ಜೊತೆಗೆ ಮಾತ್ರೆ. ಕೊಟ್ಟು ನೋಡುವುದು. ವಾಸಿಯಾದರೆ ಕ್ಷಯ, ಆಗದಿದ್ದರೆ ಇನ್ನೊಂದು. ಆದರೆ ಆ ಇಂಜೆಕ್ಷನ್ ಕೆಲವರಿಗೆ ಕಿವಿಯನ್ನು ಹಿಡಿಯುತ್ತದೆ. ಕಿವಿಯಲ್ಲಿ ಹೊಸದಾಗಿ ಏನಾದರೂ ಶಬ್ದ ಶುರುವಾದರೆ ಅದೇ ದಿನ ಬಂದು ಹೇಳಬೇಕು ಎಂದರು.

ಮಾಮನ ಮುಖ ನಾನು ಆವತ್ತು ನೋಡಿದ ಹಾಗೆ ಮತ್ತೆಂದೂ ನೋಡಲಿಲ್ಲ. "ಕಿವಿ ಹೋದ್ರೆ ಮತ್ತೆ ನಾನು ಎಂತಕ್ಕೆ ಡಾಕ್ಟ್ರೇ?" ಎಂದರು. "ಜೀವ ಹೋದ್ರೆ ಕಿವಿ ಎಂತಕ್ಕೆ?" ಎಂದರು ಡಾಕ್ಟರು. ಒರಟಾಗಿ ಹೇಳಿದ್ದಲ್ಲ, ಅವರ ದನಿಯೂ ಬಿದ್ದುಹೋಗಿತ್ತು. ಮಾಮಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಯಾವುದು ಸರಿ ಎಂದು ನನ್ನನ್ನು ನೋಡಿದರು, ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗೆ ಗೊತ್ತಿರಬೇಕಲ್ಲ ಎಂಬ ಹಾಗೆ. ನನಗೆ ಏನು ಗೊತ್ತಿತ್ತು? ನನ್ನ ಜಾಗದಲ್ಲಿ ದೇವರೇ ನಿಂತಿದ್ದರೂ ಆ ಫಿಲ್ಮನ್ನು ನೋಡಿ ಹೇಳಲಾಗುತ್ತಿರಲಿಲ್ಲ. ಮಾಮ ಒಪ್ಪಿದರು.

ಕ್ಷಯ ಎಂಬ ಶಬ್ದ ನಮಗಿಂತ ಮೊದಲೇ ಬೋಳಾರ ತಲುಪಿತು. ಮಾಮಿಯ ಅಣ್ಣ ತೊಕ್ಕೊಟ್ಟಿನಿಂದ ಹೊಳೆ ದಾಟಿ ಬಂದು, ಮಾಮನ ತಟ್ಟೆ ಲೋಟ ಬೇರೆ ಮಾಡಿಸಿ ಹೋದ. ಒಂದು ಹಿತ್ತಾಳೆ ಲೋಟ ಚಾವಡಿಯ ದಂಡೆಯ ಮೇಲೆ ಕವುಚಿ ಬಿದ್ದಿರುತ್ತಿತ್ತು. ಮಾಮಿ ಮೇಲಿನಿಂದ ನೀರು ಹೊಯ್ಯುವಾಗ ಲೋಟಕ್ಕೆ ಚೊಂಬು ತಾಗದಂತೆ ಕೈ ಎತ್ತರಿಸುತ್ತಿದ್ದರು, ಕಣ್ಣಲ್ಲಿ ನೀರು ತುಂಬಿಕೊಂಡೇ. ಪೆಟ್ಟಿಗೆಗಳು ಬರುವುದು ನಿಂತಿತು. ಪಟ್ಟಿಯನ್ನು ತುಟಿಗಿಟ್ಟು ಊದುತ್ತಾರೆ, ಅವರ ಉಸಿರು ತಿದಿಯೊಳಗೆ ತುಂಬಿರುತ್ತದೆ, ಬಾರಿಸುವವನ ಮುಖಕ್ಕೇ ಬರುತ್ತದೆ ಎಂದು ಜನ ಆಡಿಕೊಂಡರು. ಹೊಟ್ಟೆಯ ಕ್ಷಯ ಉಸಿರಿನಲ್ಲಿ ಬರುವುದಿಲ್ಲವೆಂದು ನಾನು ಎಷ್ಟು ಮನೆಗೆ ಹೋಗಿ ಹೇಳಿದರೂ, ನನ್ನನ್ನು ಕೂರಿಸಿ ಚಹಾ ಕೊಟ್ಟು ಕಳಿಸಿದರೇ ಹೊರತು ನಂಬಲಿಲ್ಲ.

ಇಂಜೆಕ್ಷನ್ ಶುರುವಾದ ಮೇಲೆ ಮೊದಲು ಒಳ್ಳೆಯದೇ ಆಯಿತು. ಜ್ವರ ಬಿಟ್ಟಿತು, ಗಂಜಿಯ ಜೊತೆ ಸುಟ್ಟ ಮೆಣಸಿನ ಚಟ್ನಿ ಕೇಳಿದರು. ದೊಡ್ಡ ಡಾಕ್ಟರು ಮುಖ ಅರಳಿಸಿ, ಕ್ಷಯವೇ ಇರಬೇಕು ಎಂದರು. ಪಾಲೆ ಕಷಾಯಕ್ಕೆ ಒಮ್ಮೆ ಸಿಕ್ಕಿದ ಹೆಸರು ಈಗ ಇಂಜೆಕ್ಷನ್ನಿಗೆ ಸಿಕ್ಕಿತು. ನಾವೆಲ್ಲ ನಂಬಿದೆವು, ನಂಬದೆ ಇರಲು ಯಾರಿಂದಾಗುತ್ತದೆ? ನನಗಂತೂ ಸಂತೋಷ ತಡೆಯಲಾಗದೆ ಮಂಗಳಾದೇವಿ ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿ ಬಂದೆ. ಭಜನಾ ಮಂದಿರದವರು ಅಂಜಿಕೆ ಬಿಟ್ಟು ತಮ್ಮ ಹಳೆಯ ಪೆಟ್ಟಿಗೆಯನ್ನು ಶ್ರುತಿ ಮಾಡಲು ಮಾಮನಿಗೆ ಕೊಟ್ಟರು. ಅದೆಷ್ಟೋ ತಿಂಗಳ ಮೇಲೆ ಚಾವಡಿಯಲ್ಲಿ ಹಿತ್ತಾಳೆ ಕೆರೆಯುವ ಸದ್ದು ಕೇಳಿತು.

ಆ ಶನಿವಾರ ಸಂಜೆ ಭಜನೆಗೆ ನಾನೂ ಹೋಗಿದ್ದೆ. ಮಾಮ ಒಗೆದ ಅಂಗಿ ಹಾಕಿಕೊಂಡು, ಮಾಮಿಯ ಹೆಗಲ ಮೇಲೆ ಕೈಯಿಟ್ಟುಕೊಂಡು ಬಂದರು. ನಡೆಯುವಾಗ ದೋಣಿಯಲ್ಲಿ ನಿಂತವರ ಹಾಗೆ ವಾಲುತ್ತಿದ್ದರು. ನಿತ್ರಾಣವೆಂದುಕೊಂಡೆವು. ಎದುರಿನ ಚಾಪೆಯಲ್ಲಿ ಕೂತರು. ಹಾಡುವ ಯಜಮಾನರು ಪೆಟ್ಟಿಗೆ ತೆರೆದು ತಿದಿ ಒತ್ತಿದರು. ನನ್ನ ಕಿವಿ ಓಲೆ ಹಾಕಲು ಇಟ್ಟ ತೂತು ಎಂದು ಆಗಲೇ ಹೇಳಿದೆನಲ್ಲ, ನನಗೇ ಗೊತ್ತಾಯಿತು. ಎರಡು ಸ್ವರಗಳು ಒಂದರ ಮೇಲೊಂದು ಬಿದ್ದು ಹೊಡೆದಾಡುತ್ತಿದ್ದವು. ಯಜಮಾನರು ಬೇರೆ ಮನೆ ಹಿಡಿದು ನೋಡಿದರು, ಅಲ್ಲಿಯೂ ಅದೇ. ಜನ ಒಬ್ಬರ ಮುಖ ಒಬ್ಬರು ನೋಡಿದರು.

ಯಜಮಾನರು ದೊಡ್ಡ ಮನುಷ್ಯ. ಪೆಟ್ಟಿಗೆಯನ್ನು ಮೆಲ್ಲಗೆ ಬದಿಗೆ ಸರಿಸಿ, ಬರಿಯ ತಾಳ ಹಿಡಿದು ಹಾಡತೊಡಗಿದರು. ಅಷ್ಟರಲ್ಲಿ ಮಾಮ, ತಾನೆಷ್ಟು ಜೋರಾಗಿ ಮಾತಾಡುತ್ತಿದ್ದೇನೆಂಬ ಅಂದಾಜಿಲ್ಲದೆ, ಇಡೀ ಮಂದಿರ ತಿರುಗಿ ನೋಡುವಂತೆ ಕೇಳಿದರು: "ಪೆಟ್ಟಿಗೆ ಯಾಕೆ ನಿಲ್ಲಿಸಿದ್ದು? ಇಲ್ಲ ಇಲ್ಲ, ನಿಲ್ಲಿಸ್ಲಿಲ್ಲ ಅಲ್ವಾ... ಶ್ರುತಿ ಕೇಳ್ತಾ ಉಂಟು!" ಮುಖದಲ್ಲಿ ನಗು ಇತ್ತು. ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಹಾಡಿನ ತಾಳವಲ್ಲ, ಬೇರೆ ಯಾವುದೋ. ಡಾಕ್ಟರು ಹೇಳಿದ್ದ ಕಿವಿಯ ಮಾತು ನನಗೆ ಆಗ ನೆನಪಾಯಿತು.

ಮಾಮಿ ಆಮೇಲೆ ಅಳುತ್ತಾ ಹೇಳಿದರು. ಕಾಯಿಲೆ ಬಿದ್ದು ಕೆಲಸ ನಿಂತಂದಿನಿಂದ ಕಿವಿಯಲ್ಲಿ ಶ್ರುತಿ ಇಲ್ಲವೆಂದು ಮಾಮನಿಗೆ ಹೊಟ್ಟೆನೋವಿಗಿಂತ ದೊಡ್ಡ ಕೊರಗಾಗಿತ್ತಂತೆ. ಇಂಜೆಕ್ಷನ್ ಶುರುವಾಗಿ ಕೆಲವು ವಾರಕ್ಕೆ ಒಂದು ಬೆಳಿಗ್ಗೆ ಎದ್ದವರೇ, "ಬಂತು ಮಾರಾಯ್ತಿ, ಶ್ರುತಿ ಪುನಃ ಬಂತು" ಎಂದು ಮಾಮಿಯನ್ನು ಅಡುಗೆಮನೆಯಿಂದ ಕರೆದಿದ್ದರಂತೆ. ಮೈ ಸುಧಾರಿಸಿತು, ಕಸುಬು ವಾಪಸು ಬಂತು ಎಂದು ಇಬ್ಬರೂ ದೇವರಿಗೆ ಕೈ ಮುಗಿದಿದ್ದರಂತೆ. ಹೊಸ ಶಬ್ದ ಬಂದರೆ ಹೇಳಿ ಎಂದಿದ್ದರು ಡಾಕ್ಟರು. ಇದು ಹೊಸದಲ್ಲವಲ್ಲ, ಅಪ್ಪನ ಕಾಲದಿಂದ ಇದ್ದದ್ದು... ಬೇರೆ ಯಾವ ಕಸುಬಿನವರಾದರೂ ಮರುದಿನವೇ ಓಡಿಬಂದು ಹೇಳುತ್ತಿದ್ದರು.

ಸೋಮವಾರ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ದೊಡ್ಡ ಡಾಕ್ಟರು ಕವೆಯಂಥ ಉಕ್ಕಿನ ಕಡ್ಡಿಯನ್ನು ಮೊಣಕಾಲಿಗೆ ತಟ್ಟಿ ಮಾಮನ ಕಿವಿಯ ಬಳಿ ಹಿಡಿದರು. ಮಾಮನಿಗೆ ಅದನ್ನು ಕಂಡು ಖುಷಿಯಾಯಿತು. "ಇದು ನನ್ನ ಹತ್ರವೂ ಉಂಟು" ಎಂದರು. ಶ್ರುತಿ ಹಿಡಿಯಲು ಅವರೂ ಅಂಥದ್ದನ್ನೇ ಬಳಸುತ್ತಿದ್ದರು. ಡಾಕ್ಟರು ಇನ್ನೊಂದು ಕಿವಿಗೆ ಹಿಡಿದರು, ನೆತ್ತಿಗೆ ಒತ್ತಿದರು. ಮಾಮ ಕಾದರು. ಕಡ್ಡಿಯನ್ನು ತಟ್ಟಿದ್ದಾರೋ ಇಲ್ಲವೋ ಎಂದು ಅನುಮಾನ ಬಂದಿರಬೇಕು, ಕೈ ಎತ್ತಿ ಬೆರಳ ತುದಿಯಿಂದ ಅದನ್ನು ಮುಟ್ಟಿದರು. ಅದು ನಡುಗುತ್ತಿತ್ತು. ಆಗ ಅವರಿಗೆ ತಿಳಿಯಿತು. ಕೈಯನ್ನು ಮಡಿಲಿಗೆ ಇಳಿಸಿಕೊಂಡರು.

ಇಂಜೆಕ್ಷನ್ ನಿಲ್ಲಿಸಿದರು. ಹೋದ ಕಿವಿ ಬರಲಿಲ್ಲ. ಹೊಟ್ಟೆನೋವು ಮಾತ್ರ ತನ್ನ ಸಮಯಕ್ಕೆ ಸರಿಯಾಗಿ ತಿರುಗಿ ಬಂತು. ಮುಂದಿನ ಮಳೆಗಾಲದಲ್ಲಿ ಕರುಳು ಕಟ್ಟಿಹೋಗಿ, ಕೊಯ್ಯದೆ ಬೇರೆ ದಾರಿಯೇ ಉಳಿಯಲಿಲ್ಲ. ತೆಗೆದ ತುಂಡನ್ನು ದೂರದ ಊರಿಗೆ ಪರೀಕ್ಷೆಗೆ ಕಳಿಸಿದರು. ಅಲ್ಲಿಂದ ಉತ್ತರ ಬರುವಾಗ ಗಾಯ ಮಾಗುವ ಬದಲು ಬಾಯಿ ಬಿಟ್ಟಿತ್ತು. ಆ ತುಂಡಿನಲ್ಲಿ ಕ್ಷಯದ ಗುರುತು ಎಲ್ಲಿಯೂ ಇಲ್ಲ, ಮೊದಲೂ ಇದ್ದಿರಲಿಕ್ಕಿಲ್ಲ ಎಂದು ದೊಡ್ಡ ಡಾಕ್ಟರು ಹಾಸಿಗೆಯ ಪಕ್ಕದಲ್ಲಿ ನಿಂತು ಹೇಳಿದರು. ಅದು ಪುಸ್ತಕದಲ್ಲಿದ್ದ ಆ ಇನ್ನೊಂದು ಕಾಯಿಲೆ. ಮಾಮ ಅವರ ತುಟಿಯನ್ನೇ ನೋಡುತ್ತಿದ್ದರು. ಡಾಕ್ಟರು ಮುಗಿಸಿದ ಮೇಲೆ ಮಾಮಿಯ ಕಡೆ ತಿರುಗಿ, "ಎಂತ ಹೇಳಿದ್ರು?" ಎಂದರು.

ಮಾಮಿಗೆ ಆ ಕಾಯಿಲೆಯ ಹೆಸರು ಹೇಳಲು ಬಾರದು. ನನಗೆ ಬರುತ್ತಿತ್ತು, ಆದರೆ ಹೇಳಿ ಏನು ಪ್ರಯೋಜನ? ಮಾಮಿ ಅವರ ಮುಖದ ಹತ್ತಿರ ಬಗ್ಗಿ ವಾರ್ಡಿಗೆಲ್ಲ ಕೇಳುವಂತೆ ಕೂಗಿದರು, "ಕ್ಷಯ ಅಲ್ಲಂತೆ! ಕ್ಷಯ ಅಲ್ಲ!" ನಾನು ಕಣ್ಣು ಮುಚ್ಚಿಕೊಂಡೆ. ಈ ಮನುಷ್ಯ ಈಗ ಕೇಳುತ್ತಾರೆ, ಹಾಗಾದರೆ ನನ್ನ ಕಿವಿ ತೆಗೆದದ್ದು ಎಂತಕ್ಕೆ ಎಂದು. ಡಾಕ್ಟರೂ ಅದಕ್ಕೇ ತಲೆ ತಗ್ಗಿಸಿ ಕಾಯುತ್ತಿದ್ದರು ಅನಿಸುತ್ತದೆ.

ಮಾಮನ ಮುಖ ಬಿಚ್ಚಿಕೊಂಡಿತು. ಮಾಮಿಯ ಕೈ ಹಿಡಿದು, "ಹಾಗಾದ್ರೆ ನನ್ನ ಲೋಟ ಇನ್ನು ಒಳಗೆ ಇಡಬಹುದಲ್ಲ" ಎಂದರು.

ಕಿವಿಯ ಮಾತನ್ನು ಅವರು ಕೊನೆಯವರೆಗೂ ಎತ್ತಲಿಲ್ಲ. ಕೊನೆ ತೀರ ದೂರವೇನೂ ಇರಲಿಲ್ಲ. ಆ ಇನ್ನೊಂದು ಔಷಧವನ್ನೂ ಕೊಟ್ಟು ನೋಡಿದರು, ಆದರೆ ಹೊಲಿಗೆ ಬಿಟ್ಟ ಗಾಯ ಮಾಗಲೇ ಇಲ್ಲ. ಮನ್ನಿಸಿ, ಆ ದಿನಗಳನ್ನು ಬರೆಯಲು ನನ್ನಿಂದಾಗದು... ಸಂಜೆ ಕೆಲಸ ಮುಗಿಸಿ ವಾರ್ಡಿಗೆ ಹೋದರೆ ವಿನೆಗರ್ ವಾಸನೆಯಿಂದಲೇ ನಾನು ಬಂದದ್ದು ಅವರಿಗೆ ಗೊತ್ತಾಗುತ್ತಿತ್ತು, ಕಣ್ಣು ತೆರೆಯುವ ಮೊದಲೇ ನಗುತ್ತಿದ್ದರು. ಕಿವಿಯೊಳಗಿನ ಆ ಶ್ರುತಿ ಇನ್ನೂ ಉಂಟಾ ಎಂದು ಒಮ್ಮೆ ಕೈಸನ್ನೆಯಲ್ಲಿ ಕೇಳಿದೆ. ಉಂಟು ಎಂದು ತಲೆಯಾಡಿಸಿದರು. ಅದು ಯಾವ ಮನೆಯದೆಂದು ಮಾತ್ರ ಗೊತ್ತಾಗುವುದಿಲ್ಲ ಎಂದರು. ಅವರು ಹೋದ ಮೇಲೆ ಮಾಮಿ ಮನೆ ಬಿಟ್ಟು ತೊಕ್ಕೊಟ್ಟಿನ ಅಣ್ಣನಲ್ಲಿಗೆ ಹೋದರು. ಹೋಗುವಾಗ ಆ ಹಿತ್ತಾಳೆ ಲೋಟವನ್ನು ಮರೆಯದೆ ಗಂಟಿನೊಳಗೆ ಹಾಕಿಕೊಂಡರು.

ವಿನೆಗರ್ ಚೆಲ್ಲಿದ ಮರುವಾರ ಮೊಮ್ಮಗಳು ಮತ್ತು ಸೊಸೆಯ ಜೊತೆ ನಾನೂ ಆಸ್ಪತ್ರೆಗೆ ಹೋದೆ. ನೀವು ಬರುವುದು ಎಂತಕ್ಕೆ ಎಂದರೂ ಹಟ ಹಿಡಿದು ಕಾರು ಹತ್ತಿದೆ. ಡಾಕ್ಟರು ನನ್ನ ಮಗನಿಗಿಂತಲೂ ಚಿಕ್ಕವರು. ಕಂಪ್ಯೂಟರಿನ ಪರದೆ ನಮ್ಮ ಕಡೆ ತಿರುಗಿಸಿದರು. ಅದೇ ಜಾಗ, ಸಣ್ಣ ಕರುಳಿನ ಕೊನೆ. ಆಗ ಬಿಳಿ ದಾರವಾಗಿ ಕಂಡದ್ದು ಈಗ ಬಣ್ಣಬಣ್ಣದಲ್ಲಿ, ಒದ್ದೆಯಾಗಿ, ಜೀವಂತವಾಗಿ ಕಾಣುತ್ತಿತ್ತು. ಹುಣ್ಣು ಎಣಿಸಬಹುದಿತ್ತು. ಇಷ್ಟೆಲ್ಲ ಕಾಣುವಾಗ ಇನ್ನೇನು ಸಂಶಯ ಎಂದುಕೊಂಡೆ.

"ಎರಡರಲ್ಲಿ ಒಂದು ಅಜ್ಜಿ. ಕ್ರೋನ್ಸ್ ಅಂತ ಒಂದು ಕಾಯಿಲೆ, ಇಲ್ಲದಿದ್ರೆ ಟಿಬಿ. ತುಂಡಿನ ಪರೀಕ್ಷೆಯಲ್ಲಿಯೂ ಖಚಿತ ಆಗ್ಲಿಲ್ಲ. ನಮ್ಮ ದೇಶದಲ್ಲಿ ಇದು ಈಗಲೂ ಕಷ್ಟ" ಎಂದರು ಡಾಕ್ಟರು. ಆಮೇಲೆ ಸೊಸೆಯ ಕಡೆ ತಿರುಗಿ, ಮೊದಲು ಟಿಬಿ ಔಷಧ ಶುರು ಮಾಡಿ ನೋಡುವ, ವಾಸಿಯಾಗದಿದ್ದರೆ ಇನ್ನೊಂದು ಎಂದು ತಿಳಿಯುವ ಎಂದರು. ಇನ್ನೊಂದರ ಔಷಧ ಮೊದಲೇ ಕೊಟ್ಟರೆ, ಟಿಬಿ ಇದ್ದಲ್ಲಿ ಅಪಾಯವಂತೆ. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಇಷ್ಟು ವರ್ಷ, ಇಷ್ಟು ಯಂತ್ರ... ಹೇಳಿದ ಮಾತು ಮಾತ್ರ ಅದೇ.

"ಕಿವಿಗೆ ಎಂತದಾದ್ರೂ ಆಗ್ತದಾ?" ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆ ವಿಚಿತ್ರವಾಗಿ ಕೇಳಿಸಿತೇನೋ. ಈಗ ಆ ಇಂಜೆಕ್ಷನ್ ಇಲ್ಲ, ಎಲ್ಲ ಮಾತ್ರೆಯೇ ಎಂದು ಸಮಾಧಾನ ಹೇಳಿದರು. ಬಾಗಿಲವರೆಗೆ ಬಂದ ಮೇಲೆ ಏನೋ ನೆನಪಾಗಿ ಕರೆದರು. ಒಂದು ಮಾತ್ರೆ ಅಪರೂಪಕ್ಕೆ ಯಾರಿಗಾದರೂ ಕಣ್ಣನ್ನು ಹಿಡಿಯುವುದುಂಟು, ಕೆಂಪು ಹಸಿರು ಬಣ್ಣ ಮಂಕಾದಂತೆ ಕಂಡರೆ ಅದೇ ದಿನ ಹೇಳಬೇಕು ಎಂದರು. ಸೊಸೆ ಆಯ್ತು ಎಂದು ತಲೆಯಾಡಿಸಿದಳು. ಮೊಮ್ಮಗಳು ಆಗಲೇ ಫೋನು ನೋಡುತ್ತಾ ಹೊರಗೆ ಹೋಗಿದ್ದಳು.

ಅವಳು ನನ್ನ ಹಾಗಲ್ಲ, ನೋವನ್ನು ಹೇಳಿಕೊಳ್ಳುವವಳಲ್ಲ. ಕಣ್ಣು ಉರಿದರೆ ಓದಿದ್ದು ಜಾಸ್ತಿಯಾಯಿತು ಅನ್ನುತ್ತಾಳೆ, ಮಂಜಾದರೆ ಫೋನಿನಿಂದ ಅನ್ನುತ್ತಾಳೆ. ಮನುಷ್ಯರಿಗೆ ತಮ್ಮದೇ ಆದ ಕಾರಣ ಯಾವಾಗಲೂ ಒಂದು ಇರುತ್ತದೆ. ಮಾಮನ ಹತ್ತಿರ ದಿನಾ ಹೋಗಿ, ಇವತ್ತು ಕಿವಿಯಲ್ಲಿ ಎಂತ ಕೇಳ್ತದೆ ಎಂದು ಕೇಳುವವರು ಯಾರೂ ಇರಲಿಲ್ಲ. ಕೇಳಬೇಕೆಂದು ಹೊಳೆಯುವಂಥ ವಿಷಯವೂ ಅದಾಗಿರಲಿಲ್ಲ.

ಈಗ ದಿನವೂ ಬೆಳಿಗ್ಗೆ ಅಂಗಳದ ದಾಸವಾಳದ ಗಿಡದಿಂದ ಎಲೆಯ ಸಮೇತ ಒಂದು ಹೂ ಮುರಿದು ತರುತ್ತೇನೆ. ಮೊಮ್ಮಗಳು ಮಾತ್ರೆ ನುಂಗುವ ಮೊದಲು ಅವಳ ಮುಖದೆದುರು ಹಿಡಿಯುತ್ತೇನೆ. "ಇದು ಯಾವ ಬಣ್ಣ?" ಅಜ್ಜಿಗೆ ಅರಳು ಮರಳು ಎಂದು ಅವಳು ನಗುತ್ತಾಳೆ. ನಗಲಿ. "ಕೆಂಪು ಅಜ್ಜಿ." ಎಲೆ ಯಾವುದು? "ಹಸಿರು ಅಜ್ಜಿ, ಹಸಿರೇ." ನಾನು ಹೂವನ್ನು ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿರುತ್ತೇನೆ. ಆಮೇಲೆ ನೀರಿನ ಲೋಟ ಅವಳ ಕೈಗೆ ಕೊಡುತ್ತೇನೆ.